ಕೋಸಂಬಿಯವರ ತಕ್ಕಡಿ



ವಿಶುದ್ಧಿಮಗ್ಗದ ಮರಣಾನುಸ್ಮೃತಿಯಲ್ಲಿ ನಾವೀಗ ನಾಲ್ಕು ಬಗೆಗಳನ್ನು ಓದಿ ಮುಗಿಸಿದ್ದೇವೆ. ಅವುಗಳಲ್ಲಿ ಮೂರನೆಯದು, ನಮಗಿಂತ ದೊಡ್ಡವರ ಪಕ್ಕದಲ್ಲಿ ನಮ್ಮನ್ನು ನಿಲ್ಲಿಸಿಕೊಂಡು ನೋಡುವುದು. ಕೀರ್ತಿ ಇದ್ದವರು, ಬಲ ಇದ್ದವರು, ಪ್ರಜ್ಞೆ ಇದ್ದವರು, ಕೊನೆಗೆ ಬುದ್ಧರು ಕೂಡ ಸಾವಿನಿಂದ ತಪ್ಪಿಸಿಕೊಳ್ಳಲಿಲ್ಲ, ಇನ್ನು ನಾನು ಯಾವ ಲೆಕ್ಕ ಎಂದು ಮನಸ್ಸಿಗೆ ತಂದುಕೊಳ್ಳುವ ಕ್ರಮ ಅದು. ಅದನ್ನು ಓದಿದ ದಿನ ನಿಮ್ಮಲ್ಲಿ ಇಬ್ಬರು ಮೂವರು ಹೆಚ್ಚುಕಡಿಮೆ ಒಂದೇ ಮಾತು ಬರೆದಿದ್ದಿರಿ. ದೊಡ್ಡವರ ಪಕ್ಕ ನಿಂತರೆ ಸಾವಿಗಿಂತ ಮೊದಲು ನೆನಪಾಗುವುದು ನಮ್ಮ ಸಣ್ಣತನ, ಏನೂ ಮಾಡದೆ ವಯಸ್ಸು ಕಳೆದುಹೋಯಿತಲ್ಲ ಎಂಬ ಸಂಕಟ, ಎಂದು.

ಅದಕ್ಕೆ ಉತ್ತರ ಕೊಡುವಷ್ಟು ತಿಳಿದವನಲ್ಲ ನಾನು. ಆದರೆ ಆ ಗ್ರಂಥದ ಪಾಲಿ ಪಠ್ಯವನ್ನೇ ತಿದ್ದಿ ತೀಡಿ ಅಚ್ಚಿಗೆ ಅಣಿಮಾಡಿದ ಒಬ್ಬರು, ಬದುಕಿನ ಎರಡು ತುದಿಗಳಲ್ಲಿ ಇದೇ ಸಂಕಟವನ್ನು ಅನುಭವಿಸಿದವರು. ಅವರ ಕತೆಯನ್ನು ಇವತ್ತು ಹೇಳುತ್ತೇನೆ. ಬರಹ ಸ್ವಲ್ಪ ಉದ್ದವಾಗಿದೆ. ಈಗ ಪುರುಸೊತ್ತಿಲ್ಲದಿದ್ದರೆ ಸಂಜೆ ಓದಿಕೊಳ್ಳಿ.

ಧರ್ಮಾನಂದ ಕೋಸಂಬಿ. ಇತಿಹಾಸ ಓದಿದವರಿಗೆ ಅವರ ಮಗ ಡಿ.ಡಿ. ಕೋಸಂಬಿ ಹೆಚ್ಚು ಪರಿಚಯ. ನಾನು ಹೇಳುತ್ತಿರುವುದು ತಂದೆಯ ವಿಷಯ.

ಹುಟ್ಟಿದ್ದು 1876ರ ಅಕ್ಟೋಬರ್ 9ರಂದು, ಪೋರ್ಚುಗೀಸರ ಆಳ್ವಿಕೆಯ ಗೋವೆಯ ಸಾಂಖವಾಳ ಎಂಬ ಹಳ್ಳಿಯಲ್ಲಿ. ನಮ್ಮ ಕಾರವಾರ, ಕುಮಟೆಯ ಕಡೆ ಇರುವಂಥದೇ ಕೊಂಕಣಿ ಮಾತಿನ ಗೌಡ ಸಾರಸ್ವತ ಮನೆ, ಒಂದು ತೆಂಗಿನ ತೋಟ. ಶಾಲೆಯ ಓದು ಅಷ್ಟಕ್ಕಷ್ಟೇ. ಹದಿನೈದು ತುಂಬುವ ಹೊತ್ತಿಗೆ ಬಾಲಾಬಾಯಿಯವರೊಡನೆ ಮದುವೆಯೂ ಆಯಿತು. ತೋಟ ನೋಡಿಕೊಳ್ಳುವುದು, ಕಾಯಿ ಲೆಕ್ಕ ಮಾಡುವುದು, ಸಿಕ್ಕಿದ ಮರಾಠಿ ಪುಸ್ತಕ ಓದುವುದು. ಓದಬೇಕೆಂಬ ಹಸಿವು ದೊಡ್ಡದು, ಓದಿಸುವವರು ಯಾರೂ ಇಲ್ಲ. ಇಪ್ಪತ್ತರ ಹೊತ್ತಿಗೆ ಆ ಹುಡುಗನ ಮನಸ್ಸಿನಲ್ಲಿ ತಾನು ಯಾವುದಕ್ಕೂ ಬಾರದವನು ಎಂಬ ಭಾವನೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ನಿವೇದನ ಎಂಬ ತಮ್ಮ ಆತ್ಮಕಥೆಯಲ್ಲಿ ಆ ದಿನಗಳ ಮಂಕನ್ನು ಅವರು ಮುಚ್ಚಿಡದೆ ಬರೆದುಕೊಂಡಿದ್ದಾರೆ.

ಆ ಮಂಕಿನೊಳಕ್ಕೆ ಬೆಳಕು ಬಿದ್ದದ್ದು ಮಕ್ಕಳ ಪತ್ರಿಕೆಯೊಂದರಿಂದ. ಬಾಲಬೋಧ ಎಂಬ ಮರಾಠಿ ಮಾಸಿಕದಲ್ಲಿ ಬುದ್ಧರ ಬದುಕಿನ ಬಗ್ಗೆ ಒಂದು ಲೇಖನ ಬಂದಿತ್ತು. ಮಕ್ಕಳಿಗೆಂದು ಬರೆದ ನಾಲ್ಕು ಪುಟ, ಅಷ್ಟೇ. ಆಮೇಲೆ ಕೃಷ್ಣರಾವ್ ಅರ್ಜುನ ಕೇಳುಸ್ಕರ್ ಅವರು ಬರೆದ ಬುದ್ಧಚರಿತ್ರೆ ಕೈಗೆ ಸಿಕ್ಕಿತು. ಕೇಳುಸ್ಕರ್ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತಿದೆ. 1907ರಲ್ಲಿ ಮೆಟ್ರಿಕ್ ಪಾಸಾದ ಭೀಮರಾವ್ ಎಂಬ ಹುಡುಗನಿಗೆ ಅವರು ಉಡುಗೊರೆ ಕೊಟ್ಟದ್ದು ಇದೇ ಪುಸ್ತಕವನ್ನು. ಒಂದೇ ಪುಸ್ತಕ ಗೋವೆಯ ತೋಟದಲ್ಲಿ ಒಬ್ಬರನ್ನು, ಮುಂಬಯಿಯ ಚಾಳಿನಲ್ಲಿ ಇನ್ನೊಬ್ಬರನ್ನು ಮುಟ್ಟಿತು.

1899ರ ಕೊನೆಯಲ್ಲಿ ಕೋಸಂಬಿ ಮನೆ ಬಿಟ್ಟರು. ಮೊದಲ ಮಗಳು ಮಾಣಿಕ್ ಆಗಿನ್ನೂ ಹಸುಗೂಸು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿದ್ಧಾರ್ಥರ ಮಹಾಭಿನಿಷ್ಕ್ರಮಣದ ಕತೆ ಕೇಳುವಾಗ ನಾವು ಯಶೋಧರೆಯ ಕೋಣೆಯ ಬಾಗಿಲನ್ನು ಬೇಗ ದಾಟಿಬಿಡುತ್ತೇವೆ. ಬಾಲಾಬಾಯಿಯವರ ವಿಷಯದಲ್ಲಿ ಹಾಗೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಗಂಡ ಎಲ್ಲಿದ್ದಾನೆ, ತಿರುಗಿ ಬರುತ್ತಾನೋ ಇಲ್ಲವೋ ತಿಳಿಯದೆ, ಆ ಕಾಲದ ಹಳ್ಳಿಯಲ್ಲಿ, ಎಳೆಗೂಸನ್ನು ಕಟ್ಟಿಕೊಂಡು ಸುಮಾರು ಏಳು ವರ್ಷ ಕಾದವರು ಅವರು. ಕೋಸಂಬಿಯವರ ಛಲವನ್ನು ಎಲ್ಲ ಲೇಖನಗಳೂ ಹೊಗಳುತ್ತವೆ. ಈ ಹೆಂಗಸಿನ ಛಲಕ್ಕೆ ಅಲ್ಲಿ ಹೆಚ್ಚೆಂದರೆ ಅರ್ಧ ಸಾಲು. ಗುಂಪಿನಲ್ಲಿರುವ ಅಕ್ಕಂದಿರು ಈ ಬಗ್ಗೆ ಏನಾದರೂ ಬರೆಯಬೇಕೆಂದರೆ ಖಂಡಿತ ಬರೆಯಿರಿ.

ಕೋಸಂಬಿ ಹೊರಟದ್ದು ಬುದ್ಧರ ಧಮ್ಮವನ್ನು ಮೂಲದಲ್ಲೇ ಕಲಿಯಬೇಕೆಂದು. ಆದರೆ ಎಲ್ಲಿ ಕಲಿಯಬೇಕು ಎಂಬುದೇ ಗೊತ್ತಿಲ್ಲ. ಆಗಿನ ಭಾರತದಲ್ಲಿ ಪಾಲಿ ಕಲಿಸುವ ಜಾಗ ಬೆರಳೆಣಿಕೆಯಷ್ಟೂ ಇರಲಿಲ್ಲ. ಪುಣೆಗೆ ಹೋದರು, ಡಾಕ್ಟರ್ ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅವರನ್ನು ಕಂಡರು. ಸಂಸ್ಕೃತವಾದರೂ ಬರಲಿ ಎಂದು ಗ್ವಾಲಿಯರ್ ದಾರಿಯಾಗಿ ಕಾಶಿಗೆ ಹೋದರು. ಅಲ್ಲಿ ಅನ್ನಛತ್ರದ ಊಟ, ಹರಕು ಬಟ್ಟೆ, ಚಳಿ. 1902ರಲ್ಲಿ ನೇಪಾಳಕ್ಕೆ ಹೋದರು. ಅಲ್ಲಿ ಕಂಡ ಬೌದ್ಧಾಚರಣೆ ಅವರು ಹುಡುಕುತ್ತಿದ್ದಂಥದಾಗಿರಲಿಲ್ಲ, ನಿರಾಶೆಯಾಯಿತು. ಬೋಧಗಯೆಗೆ ಬಂದಾಗ, ಸಿಂಹಳಕ್ಕೆ ಹೋದರೆ ಕಲಿಯಬಹುದು ಎಂಬ ದಾರಿ ಸಿಕ್ಕಿತು. ಕಲ್ಕತ್ತೆಗೆ ಬಂದು, ನೆರವು ಪಡೆದು ಕೊಲಂಬೋ ತಲುಪಿದರು. ವಿದ್ಯೋದಯ ಪರಿವೇಣದಲ್ಲಿ ಹಿಕ್ಕಡುವೆ ಸುಮಂಗಲ ಮಹಾಸ್ಥವಿರರು ಅವರಿಗೆ ಆಸರೆ ಕೊಟ್ಟರು. ಅದೇ ವರ್ಷ ಶ್ರಾಮಣೇರ ದೀಕ್ಷೆಯಾಯಿತು.

ಈ ಊರಿಂದ ಊರಿಗೆ ಅಲೆದ ಭಾಗವನ್ನು ನಾನು ಬೇಗ ಬೇಗ ಹೇಳಿಬಿಟ್ಟೆ. ಆದರೆ ಅವರು ಹಾಗೆ ಬೇಗ ದಾಟಲಿಲ್ಲ ಎಂಬುದು ನೆನಪಿರಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಬರೀ ಬಾಗಿಲು ಹುಡುಕುವುದರಲ್ಲೇ ಹೋಯಿತು. ಆಮೇಲೆ ಬರ್ಮಾಕ್ಕೆ ಹೋಗಿ ಅಲ್ಲಿ ಓದು, ಧ್ಯಾನ. ತಿರುಗಿ ಬಂದು ಕುಶಿನಾರ ಮೊದಲಾದ ಕಡೆ ಕಾಲ್ನಡಿಗೆ. ಮಂಕು ಹಿಡಿದು ತೋಟದಲ್ಲಿ ಕೂತಿದ್ದ ಹುಡುಗ ಮೂವತ್ತು ತುಂಬುವುದರೊಳಗೆ ಸಿಂಹಳ ಲಿಪಿ, ಬರ್ಮಾ ಲಿಪಿಗಳಲ್ಲಿ ತ್ರಿಪಿಟಕ ಓದಬಲ್ಲವನಾಗಿದ್ದ. ಆಗಿನ ಭಾರತದಲ್ಲಿ ಅಂಥವರು ಎಷ್ಟು ಜನರಿದ್ದಾರು?

1906ರಲ್ಲಿ ಕಲ್ಕತ್ತೆಯಲ್ಲಿ ಪಾಲಿ ಕಲಿಸುವ ಕೆಲಸಕ್ಕೆಂದು ಅವರು ಚೀವರ ಕಳಚಿದರು. ಊರಿಗೆ ಹೋಗಿ ಬಾಲಾಬಾಯಿಯವರನ್ನು ಕಂಡರು. ಮುಂದೆ ಸಂಸಾರ ಮತ್ತೆ ಕೂಡಿತು, ಒಟ್ಟು ನಾಲ್ವರು ಮಕ್ಕಳಾದರು. ಕಾಷಾಯ ಬಿಟ್ಟು ಗೃಹಸ್ಥರಾದದ್ದನ್ನು ಕೆಲವರು ಹಿಂಜರಿಕೆ ಎಂದು ಎಣಿಸುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ಕಲಿತದ್ದನ್ನು ತಿರುಗಿ ಜನಕ್ಕೆ ಕೊಡಬೇಕು ಎಂಬ ಹಟ ಅವರಿಗಿತ್ತು. ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ 50 ರೂಪಾಯಿ ಕೊಡುವುದಾಗಿ ಹೇಳಿದರು. ಕರಾರು ಇಷ್ಟೇ, ಮಹಾರಾಷ್ಟ್ರದಲ್ಲಿ ಇರಬೇಕು, ಧಮ್ಮದ ಬಗ್ಗೆ ಪುಸ್ತಕ ಬರೆದುಕೊಡಬೇಕು. ಕಲ್ಕತ್ತೆಯ ಹೆಚ್ಚಿನ ಸಂಬಳ ಬಿಟ್ಟು ಕೋಸಂಬಿ ಇದನ್ನು ಒಪ್ಪಿಕೊಂಡರು. ಕೆಲವೇ ವರ್ಷಗಳ ನಂತರ, 1913ರಲ್ಲಿ, ಬಾಬಾಸಾಹೇಬರನ್ನು ಅಮೆರಿಕಕ್ಕೆ ಓದಲು ಕಳಿಸಿದ್ದೂ ಇದೇ ಸಯಾಜಿರಾವ್ ಅವರ ವಿದ್ಯಾರ್ಥಿವೇತನವೇ.

ಈಗ ನಮ್ಮ ಪುಸ್ತಕದ ವಿಷಯಕ್ಕೆ ಬರುತ್ತೇನೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಹೆನ್ರಿ ಕ್ಲಾರ್ಕ್ ವಾರನ್ ಎಂಬ ವಿದ್ವಾಂಸರಿದ್ದರು. ಚಿಕ್ಕಂದಿನಲ್ಲಿ ಗಾಡಿಯಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಬದುಕಿಡೀ ನೋವು ತಿಂದವರು. ಬುದ್ಧಘೋಷರು ಐದನೆಯ ಶತಮಾನದಲ್ಲಿ ಅನುರಾಧಪುರದ ಮಹಾವಿಹಾರದಲ್ಲಿ ರಚಿಸಿದ ವಿಶುದ್ಧಿಮಗ್ಗವನ್ನು ಹಸ್ತಪ್ರತಿಗಳಿಂದ ಸಂಪಾದಿಸುವ ಕೆಲಸವನ್ನು ಅವರು ಹಿಡಿದಿದ್ದರು. ಮುಗಿಯಲಿಲ್ಲ. 1899ರ ಜನವರಿಯಲ್ಲಿ, 44ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಕೊನೆಯಲ್ಲಿ ಕೋಸಂಬಿ ಮನೆ ಬಿಟ್ಟದ್ದು. ಇಬ್ಬರಿಗೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿರಲಿಲ್ಲ.

ಆ ಅರ್ಧ ಉಳಿದ ಕೆಲಸಕ್ಕೆ ಪಾಲಿಯನ್ನು ಪರಂಪರೆಯಿಂದಲೇ ಕಲಿತವರು ಬೇಕಾಗಿದ್ದರು. ಹಾರ್ವರ್ಡಿನ ಜೇಮ್ಸ್ ವುಡ್ಸ್ ಭಾರತಕ್ಕೆ ಬಂದಾಗ ಕೋಸಂಬಿಯವರ ಪರಿಚಯವಾಗಿ, 1910ರಲ್ಲಿ ಕರೆ ಹೋಯಿತು. ಶಾಲೆ ಓದದ ಮನುಷ್ಯ ಹಾರ್ವರ್ಡಿಗೆ ಹೋದರು. ಎರಡು ವರ್ಷ ಕೆಲಸ ನಡೆಯಿತು. ಆಮೇಲೆ ತೊಡಕು ಬಂತು. ಗ್ರಂಥಮಾಲೆಯ ಸಂಪಾದಕರಾದ ಪ್ರೊಫೆಸರ್ ಲ್ಯಾನ್‌ಮನ್ ಅವರಿಗೂ ಇವರಿಗೂ, ಯಾರ ದುಡಿಮೆಗೆ ಯಾವ ಸ್ಥಾನ, ಪುಸ್ತಕದಲ್ಲಿ ಯಾರ ಹೆಸರು ಹೇಗೆ ಬರಬೇಕು ಎಂಬ ವಿಷಯದಲ್ಲಿ ಹೊಂದಿಕೆಯಾಗಲಿಲ್ಲ. ಕೋಸಂಬಿ ಕೆಲಸ ಅಲ್ಲೇ ಬಿಟ್ಟು 1912ರಲ್ಲಿ ಹಿಂತಿರುಗಿದರು.

ಅನಾತ್ಮ ಕಲಿತವರು ಹೆಸರಿಗಾಗಿ ಜಗಳ ಆಡಬಹುದೇ? ಹಿಂದೊಮ್ಮೆ ಈ ಪ್ರಸಂಗ ಹೇಳಿದಾಗ ಒಬ್ಬ ಯುವಕ ಕೇಳಿದ ಪ್ರಶ್ನೆ ಇದು. ಒಳ್ಳೆಯ ಪ್ರಶ್ನೆಯೇ. ನನಗೆ ತೋಚುವುದು ಹೀಗೆ: ತಾನು ದೊಡ್ಡವನು ಎಂದು ಮೆರೆಯುವುದು ಮಾನ. ತಾನು ಮಾಡಿದ ಕೆಲಸವನ್ನು ಮಾಡಿಲ್ಲ ಎಂದು ಬೇರೆಯವರು ಬರೆದುಕೊಳ್ಳುವಾಗ ಸುಮ್ಮನಿರುವುದು ವಿನಯ ಅಲ್ಲ, ಅದು ಸುಳ್ಳಿಗೆ ಸಹಿ ಹಾಕಿದಂತೆ. ಅದೂ ಆಗ ಆಳುವವರು ಬಿಳಿಯರು, ನಮ್ಮ ಪಂಡಿತರೆಂದರೆ ಹಸ್ತಪ್ರತಿ ಓದಿಕೊಡುವ ಆಳುಗಳು ಎಂಬ ಭಾವನೆ ಸಾಮಾನ್ಯವಾಗಿದ್ದ ಕಾಲ. ಆ ಭಾವನೆಗೆ ಬಗ್ಗದೆ ಎದ್ದು ಬಂದದ್ದು ನನಗೆ ಸರಿ ಎನ್ನಿಸುತ್ತದೆ. ಸಾಂಖವಾಳದ ಆ ಹುಡುಗನಾಗಿದ್ದರೆ ಕೊಟ್ಟಷ್ಟು ಸಾಕು ಎಂದು ತಲೆ ತಗ್ಗಿಸುತ್ತಿದ್ದನೇನೋ.

ಎದ್ದು ಬಂದರು, ಆದರೆ ಕೆಲಸವನ್ನು ಕೈಬಿಡಲಿಲ್ಲ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಆರು ವರ್ಷ ಪಾಲಿ ಕಲಿಸಿದರು. ಪಿ.ವಿ. ಬಾಪಟ್ ಅವರಂಥ ವಿದ್ವಾಂಸರು ತಯಾರಾದದ್ದು ಅವರ ಕೈಯಲ್ಲಿ. 1918ರಲ್ಲಿ ಕರೆ ಬಂದಾಗ ಮತ್ತೆ ಅಮೆರಿಕಕ್ಕೆ ಹೋದರು, ಮಾಣಿಕ್ ಮತ್ತು ದಾಮೋದರರನ್ನೂ ಓದಿಗೆಂದು ಕರೆದೊಯ್ದರು. ಹಾಲು ಕುಡಿಯುವಾಗ ಬಿಟ್ಟುಹೋದ ಮಗಳು ಅಲ್ಲಿ ಕಾಲೇಜು ಓದಿ ಪದವಿ ಪಡೆದಳು. ಮತ್ತೆ ಅದೇ ಹಸ್ತಪ್ರತಿ, ಮತ್ತೆ ಅದೇ ಲ್ಯಾನ್‌ಮನ್, ಮತ್ತೆ ಕೆಲಸ ಪೂರ್ತಿಯಾಗದೆ ವಾಪಸು. 1926ರಲ್ಲಿ ಮತ್ತೊಂದು ಸಲ. ಕೊನೆಗೆ 1931–32ರ ನಾಲ್ಕನೆಯ ಪ್ರಯಾಣದಲ್ಲಿ ಕೆಲಸ ಮುಗಿಯಿತು. ಹಿಡಿದು ಇಪ್ಪತ್ತೆರಡು ವರ್ಷ. ಆಗ ಅವರಿಗೆ ವಯಸ್ಸು 55.

ನಡುವೆ ಅವರು ಮಾಡಿದ್ದು ಒಂದೆರಡಲ್ಲ. ಗಾಂಧೀಜಿಯವರ ಗುಜರಾತ್ ವಿದ್ಯಾಪೀಠದಲ್ಲಿ ಇದ್ದರು, 1929ರಲ್ಲಿ ಲೆನಿನ್‌ಗ್ರಾಡಿಗೆ ಹೋಗಿಬಂದರು, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ಮುಂಬಯಿಯ ಕಾರ್ಮಿಕರ ಕೇರಿ ಪರಳದಲ್ಲಿ ಬಹುಜನ ವಿಹಾರ ಕಟ್ಟಿಸಿ ಅಲ್ಲಿ ವಾಸ ಮಾಡಿದರು. ಭಗವಾನ್ ಬುದ್ಧ ಎಂಬ ಅವರ ಮರಾಠಿ ಪುಸ್ತಕದಲ್ಲಿ ಒಂದು ವಿಚಾರ ಇದೆ. ಸಿದ್ಧಾರ್ಥರು ಮನೆ ಬಿಟ್ಟದ್ದು ರೋಗಿಯನ್ನೋ ಹೆಣವನ್ನೋ ಮೊದಲ ಸಲ ಕಂಡದ್ದರಿಂದ ಅಲ್ಲ, ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಆಯುಧ ಹಿಡಿದದ್ದರಿಂದ ಎಂದು ಅವರ ವಾದ. ಕಾವೇರಿ, ಮಹದಾಯಿ ಎಂದು ವರ್ಷವಿಡೀ ಸುದ್ದಿ ಕೇಳುವ ನಮಗೆ ಇದು ಚೆನ್ನಾಗಿಯೇ ಅರ್ಥವಾಗುತ್ತದೆ. ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥದಲ್ಲಿ ಹೇಳಿದ್ದೂ ಇದೇ ನೀರಿನ ಜಗಳದ ಕತೆಯನ್ನೇ.

ಇನ್ನು ಕೊನೆಯ ಭಾಗ. ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೆ ಬಿಟ್ಟರೆ ಕತೆ ಅರ್ಧವಾಗುತ್ತದೆ.

ಎಪ್ಪತ್ತರ ಹತ್ತಿರ ಬಂದಾಗ ಕೋಸಂಬಿಯವರಿಗೆ ಸಕ್ಕರೆ ಕಾಯಿಲೆ ಇತ್ತು, ಮೈತುಂಬ ತುರಿಕೆಯ ಬಾಧೆ ಇತ್ತು. ಬರೆಯುವ ಶಕ್ತಿ ಕುಗ್ಗಿತ್ತು. ತನ್ನ ಕೆಲಸ ಮುಗಿಯಿತು, ಇನ್ನು ಈ ದೇಹ ಬೇರೆಯವರಿಗೆ ಹೊರೆ ಎಂದು ಅವರಿಗೆ ಅನ್ನಿಸತೊಡಗಿತು. ಅಷ್ಟರಲ್ಲಿ ಅವರು ಪಾರ್ಶ್ವನಾಥರ ಚಾತುರ್ಯಾಮ ಧರ್ಮದ ಅಧ್ಯಯನದಲ್ಲಿ ಮುಳುಗಿದ್ದರು, ಜೈನರ ಸಲ್ಲೇಖನದ ಕಡೆ ಮನಸ್ಸು ವಾಲಿತ್ತು. 1946ರಲ್ಲಿ ಅನ್ನ ಬಿಟ್ಟರು. ಸುದ್ದಿ ತಿಳಿದ ಗಾಂಧೀಜಿ ಬೇಡವೆಂದು ತಡೆದರು. ಕೋಸಂಬಿ ಆ ಮಾತಿಗೆ ಬೆಲೆ ಕೊಟ್ಟು ನಿಲ್ಲಿಸಿದರು. ಆದರೆ ದೇಹ ಮತ್ತೆ ಮೊದಲಿನಂತಾಗಲಿಲ್ಲ. ಮುಂದಿನ ವರ್ಷ ಸೇವಾಗ್ರಾಮಕ್ಕೆ ಬಂದರು. ಅಲ್ಲಿ ಮತ್ತೆ ಉಪವಾಸ ಹಿಡಿದು, 1947ರ ಜೂನ್ 4ರಂದು ತೀರಿಕೊಂಡರು. ದೇಶ ವಿಭಜನೆಯ ಯೋಜನೆ ಹೊರಬಿದ್ದದ್ದು ಅದರ ಹಿಂದಿನ ದಿನ. ಪತ್ರಿಕೆಗಳ ತುಂಬ ಅದೇ ಇತ್ತು.

ಈ ಉಪವಾಸವನ್ನು ಮಹಾ ಸಾಧನೆ ಎಂದು ಕೊಂಡಾಡಿ ಬರೆದವರಿದ್ದಾರೆ. ನಾನು ಹಾಗೆ ಬರೆಯಲಾರೆ. ನಮ್ಮ ವಿನಯದಲ್ಲಿ ಸಾವನ್ನು ಹೊಗಳಿ ಇನ್ನೊಬ್ಬರನ್ನು ಸಾವಿಗೆ ದೂಡುವುದು ಮೂರನೆಯ ಪಾರಾಜಿಕ, ಭಿಕ್ಷುವಿನ ಭಿಕ್ಷುತ್ವವೇ ಹೋಗುವಂಥ ಅಪರಾಧ. ಆ ನಿಯಮದ ಹಿಂದೆ ಒಂದು ಪ್ರಸಂಗವೂ ಇದೆ. ವೈಶಾಲಿಯಲ್ಲಿ ಭಿಕ್ಷುಗಳು ದೇಹದ ಅಶುಭವನ್ನು ಧ್ಯಾನಿಸುತ್ತಾ ಧ್ಯಾನಿಸುತ್ತಾ ತಮ್ಮ ಮೈಯನ್ನೇ ಹೇಸಿ ಪ್ರಾಣ ಕಳೆದುಕೊಳ್ಳತೊಡಗಿದರು. ಹದಿನೈದು ದಿನದ ಏಕಾಂತದಿಂದ ಹೊರಬಂದ ಬುದ್ಧರು ಸಂಘ ತೆಳ್ಳಗಾದದ್ದನ್ನು ಕಂಡು ಕಾರಣ ಕೇಳಿದರು. ಉಳಿದವರನ್ನು ಕೂಡಿಸಿ ಬೇರೆ ಅಭ್ಯಾಸ ಕಲಿಸಿದರು: ಆನಾಪಾನಸತಿ, ಬರುವ ಉಸಿರು ಹೋಗುವ ಉಸಿರನ್ನು ಗಮನಿಸುವುದು. ಮರಣಾನುಸ್ಮೃತಿ ಮಾಡುವ ನಾವೆಲ್ಲ ಈ ಪ್ರಸಂಗವನ್ನು ತಿಳಿದಿರಬೇಕು. ಸಾವನ್ನು ನೆನೆಯುವುದು ಬೇರೆ, ಬದುಕನ್ನು ಹೇಸುವುದು ಬೇರೆ.

ಕೋಸಂಬಿಯವರ ಬಗ್ಗೆ ತೀರ್ಪು ಕೊಡಲು ನಾನು ಯಾರು? ಆ ತುರಿಕೆ, ಆ ನಿದ್ದೆಯಿಲ್ಲದ ರಾತ್ರಿಗಳು ನನ್ನವಲ್ಲ. ಆದರೂ ಅವರ ಬದುಕನ್ನು ಮೊದಲಿಂದ ಕೊನೆಯವರೆಗೆ ಒಟ್ಟಿಗೆ ಇಟ್ಟು ನೋಡಿದಾಗ ನನ್ನ ಕಣ್ಣಿಗೆ ಬೀಳುವುದು ಒಂದೇ ತಕ್ಕಡಿ. ಇಪ್ಪತ್ತನೆಯ ವಯಸ್ಸಿನಲ್ಲಿ ತೋಟದಲ್ಲಿ ಕೂತು, ನಾನು ಯಾರಿಗೆ ಉಪಯೋಗ ಎಂದು ತೂಗಿಕೊಂಡದ್ದು ಅದರಲ್ಲೇ. ಎಪ್ಪತ್ತರಲ್ಲಿ ತೂಗಿಕೊಂಡದ್ದೂ ಅದರಲ್ಲೇ. ನಡುವಿನ ಐವತ್ತು ವರ್ಷ ತಕ್ಕಡಿಯಲ್ಲಿ ಪುಸ್ತಕಗಳಿದ್ದವು, ಶಿಷ್ಯರಿದ್ದರು, ಜೈಲಿತ್ತು, ಅದಕ್ಕೆ ತಟ್ಟೆ ಕೆಳಗೆ ನಿಂತಿತ್ತು. ಕೈ ನಿಂತೊಡನೆ ತಟ್ಟೆ ಮೇಲಕ್ಕೆ ಹೋಯಿತು. ಇಷ್ಟು ಬಲ್ಲ ಮನುಷ್ಯನಿಗೂ ತಕ್ಕಡಿಯನ್ನೇ ಕೆಳಗಿಡುವುದು ಕಷ್ಟವಾಯಿತಲ್ಲ ಎಂದು ನನಗೆ ಬೇಸರವಾಗುತ್ತದೆ. ಗಾಂಧೀಜಿ ಮೊದಲ ಸಲ ತಡೆದಾಗ ಕೋಸಂಬಿಯವರಿಂದ ಇನ್ನೊಂದು ಪುಸ್ತಕ ಬರಲಿ ಎಂದು ತಡೆದಿರಲಾರರು. ಅವರು ಇರಲಿ ಎಂದಷ್ಟೇ ತಡೆದದ್ದು ಎಂದು ನಾನು ತಿಳಿದುಕೊಂಡಿದ್ದೇನೆ.

ನಮ್ಮ ಗುಂಪಿನಲ್ಲೂ ನಿವೃತ್ತರಾದವರು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು, ಕೆಲಸ ಕಳೆದುಕೊಂಡ ಹುಡುಗರು ಇದ್ದೀರಿ. ನಾನು ಇದ್ದೂ ಏನು ಎಂಬ ಯೋಚನೆ ಯಾರಿಗಾದರೂ ಗಟ್ಟಿಯಾಗಿ ಬರುತ್ತಿದ್ದರೆ ಅದನ್ನು ಧ್ಯಾನದ ಫಲ ಎಂದುಕೊಂಡು ಒಬ್ಬರೇ ಕೂರಬೇಡಿ. ಮನೆಯವರಿಗೆ, ಡಾಕ್ಟರಿಗೆ ಹೇಳಿ. ಇಲ್ಲಿ ಬರೆಯಲು ಮುಜುಗರವಾದರೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಸರಿ.

ತಮ್ಮ ಶವಕ್ಕೆ ಹೆಚ್ಚು ಖರ್ಚು ಮಾಡಬಾರದು, ಸುಡುವುದೋ ಹೂಳುವುದೋ ಯಾವುದು ಅಗ್ಗವೋ ಅದನ್ನು ಮಾಡಿ ಎಂದು ಕೋಸಂಬಿ ತಿಳಿಸಿದ್ದರಂತೆ. ಪಾಲಿ ಕಲಿಯಲು ಹುಡುಗರನ್ನು ಸಿಂಹಳಕ್ಕೆ ಕಳಿಸಬೇಕು ಎಂಬುದು ಅವರ ಇನ್ನೊಂದು ಆಸೆ. ತಾವು ಬಾಗಿಲು ಹುಡುಕಿಕೊಂಡು ಅಲೆದದ್ದು ಕೊನೆಯವರೆಗೂ ನೆನಪಿದ್ದಿರಬೇಕು. ಜೂನ್ 5ರ ಪ್ರಾರ್ಥನಾ ಸಭೆಯಲ್ಲಿ ಗಾಂಧೀಜಿ ಅವರನ್ನು ನೆನೆದರು. ತಮ್ಮ ಡೋಲು ತಾವೇ ಬಡಿದುಕೊಳ್ಳುವವರನ್ನು ಲೋಕ ಬಲ್ಲದು, ಸದ್ದಿಲ್ಲದೆ ದುಡಿದ ಇಂಥವರನ್ನು ಅರಿಯದು ಎಂಬ ಅರ್ಥದ ಮಾತು ಆಡಿದರು.

ವಿಶುದ್ಧಿಮಗ್ಗದ ದೇವನಾಗರಿ ಆವೃತ್ತಿಯನ್ನು ಕೋಸಂಬಿ 1940ರಲ್ಲಿ ಮುಂಬಯಿಯ ಭಾರತೀಯ ವಿದ್ಯಾಭವನದಿಂದ ತಂದಿದ್ದರು, ಅದನ್ನು ಕಣ್ಣಾರೆ ಕಂಡರು. ಹಾರ್ವರ್ಡಿನ ಆವೃತ್ತಿ ಬಂದದ್ದು 1950ರಲ್ಲಿ, ಗ್ರಂಥಮಾಲೆಯ 41ನೆಯ ಸಂಪುಟವಾಗಿ. ಅಷ್ಟರಲ್ಲಿ ಲ್ಯಾನ್‌ಮನ್ ಕೂಡ ತೀರಿಕೊಂಡಿದ್ದರು. ಮುಖಪುಟದಲ್ಲಿ ಸಂಪಾದಕರಾಗಿ ವಾರನ್ ಅವರ ಹೆಸರಿದೆ, ಪರಿಷ್ಕರಿಸಿದವರಾಗಿ ಧರ್ಮಾನಂದ ಕೋಸಂಬಿಯವರ ಹೆಸರಿದೆ. ಒಬ್ಬರು ಹೋಗಿ ಐವತ್ತೊಂದು ವರ್ಷ, ಇನ್ನೊಬ್ಬರು ಹೋಗಿ ಮೂರು ವರ್ಷ.

ನಾಳೆ ಮರಣಾನುಸ್ಮೃತಿಯ ಐದನೆಯ ಬಗೆ, ಆಯುಸ್ಸಿನ ದುರ್ಬಲತೆ. ಒಳಗೆ ಹೋದ ಉಸಿರು ಹೊರಗೆ ಬಂದರೆ, ಹೊರಗೆ ಬಂದದ್ದು ಮತ್ತೆ ಒಳಗೆ ಹೋದರೆ ಮಾತ್ರ ಆಯುಸ್ಸು ಎಂದು ಶುರುವಾಗುವ ಭಾಗ. ಪುಸ್ತಕ ಇದ್ದವರು ಮುಂಚೆಯೇ ಒಮ್ಮೆ ಕಣ್ಣಾಡಿಸಿ ಬನ್ನಿ.